ಡಬ್ಲ್ಯುಪಿಎಫ್‌ನಲ್ಲಿ ಸ್ಟೈಲ್ ಟ್ರಿಗರ್ ಇದ್ದರೂ ಬಣ್ಣ ಯಾಕೆ ಬದಲಾಗುತ್ತಿಲ್ಲ?

ಡಬ್ಲ್ಯುಪಿಎಫ್‌ನಲ್ಲಿ (ವಿಂಡೋಸ್ ಪ್ರೋಗ್ರಾಮುಗಳ ಸ್ಕ್ರೀನ್ ಕಟ್ಟುವ ಮೈಕ್ರೋಸಾಫ್ಟ್ ಸಾಧನ) ಮಾಡಿದ ಮುಧೋಳದ ಕಬ್ಬಿನ ತೂಕದ ಸ್ಕ್ರೀನಿನಲ್ಲಿ ಲೋಡ್ ಜಾಸ್ತಿಯಾದರೆ ಅಂಕಿ ಕೆಂಪಾಗಬೇಕು, ಡೇಟಾಟ್ರಿಗರ್ (ಡೇಟಾ ಒಂದು ಷರತ್ತಿಗೆ ಹೊಂದಿದಾಗ ರೂಪ ಬದಲಿಸುವ ಸ್ಟೈಲಿನ ನಿಯಮ) ಹಾಕಿದರೂ ಕಪ್ಪಾಗಿಯೇ ಉಳಿಯುತ್ತದೆ ಅಂತ ಕೇಳಿದ್ದೀರಿ, ಅಲ್ವಾ? ನಿಮ್ಮ ಟ್ರಿಗರ್ ಸರಿಯಾಗಿಯೇ ಇದೆ. ಅಂಕಿ ತೋರಿಸುವ ಟೆಕ್ಸ್ಟ್‌ಬ್ಲಾಕ್ ಟ್ಯಾಗಿನ ಮೇಲೆ ನೇರವಾಗಿ ಫೋರ್‌ಗ್ರೌಂಡ್ (ಅಕ್ಷರದ ಬಣ್ಣ) ಕಪ್ಪು ಅಂತ ಬರೆದಿದ್ದೀರಲ್ಲ, ಅದೇ ಅಡ್ಡ ಬರುತ್ತಿದೆ.

ಡಬ್ಲ್ಯುಪಿಎಫ್‌ನಲ್ಲಿ ಒಂದು ಪ್ರಾಪರ್ಟಿಗೆ (ಬಣ್ಣದಂಥ ಗುಣಕ್ಕೆ) ಹಲವು ಕಡೆಯಿಂದ ಮೌಲ್ಯ ಬಂದಾಗ ಟ್ಯಾಗಿನ ಮೇಲೆ ಬರೆದದ್ದಕ್ಕೆ ಮೊದಲ ಮರ್ಯಾದೆ, ಆಮೇಲೆ ಸ್ಟೈಲ್ ಟ್ರಿಗರ್, ಅದಕ್ಕೂ ಕೆಳಗೆ ಸ್ಟೈಲಿನ ಸಾದಾ ಸೆಟ್ಟರ್ (ಷರತ್ತಿಲ್ಲದೆ ಮೌಲ್ಯ ಕೊಡುವ ಸಾಲು). ಹಾಗಾಗಿ ಆ ಕಪ್ಪನ್ನು ಟ್ಯಾಗಿನಿಂದ ತೆಗೆದು ಸ್ಟೈಲಿನೊಳಗೆ ಒಂದು ಸೆಟ್ಟರ್ ಆಗಿ ಹಾಕಿ, ಅಷ್ಟೇ ಸಾಕು. ನಾನೂ ವಿಜಯಪುರದಲ್ಲಿ ಒಣದ್ರಾಕ್ಷಿ ಸ್ಟಾಕಿನ ಸ್ಕ್ರೀನ್ ಮಾಡುವಾಗ ಇದೇ ತಪ್ಪಿಗೆ ಎರಡು ದಿನ ಸುಮ್ನೆ ಬೈಂಡಿಂಗ್‌ನಲ್ಲಿ (ಡೇಟಾಗೂ ಸ್ಕ್ರೀನಿಗೂ ಇರುವ ಕೊಂಡಿಯಲ್ಲಿ) ತಪ್ಪು ಹುಡುಕಿದ್ದೆ.

ಬಟನ್ ಮೇಲೆ ಮೌಸ್ ಇಟ್ಟಾಗಿನ ಬಣ್ಣದ ಕಥೆ ಬೇರೆ. ಅಲ್ಲಿ ಬಟನ್ನಿನ ಮೂಲ ಟೆಂಪ್ಲೇಟ್ (ಬಟನ್ ಹೇಗೆ ಕಾಣಬೇಕೆಂದು ಹೇಳುವ ವಿನ್ಯಾಸ) ತನ್ನೊಳಗಿನ ಬಾರ್ಡರಿಗೇ ನೇರವಾಗಿ ಬಣ್ಣ ಹಚ್ಚುತ್ತದೆ, ನಿಮ್ಮ ಬ್ಯಾಕ್‌ಗ್ರೌಂಡ್ ಬದಲಾದರೂ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಆ ಟೆಂಪ್ಲೇಟನ್ನೇ (ಕಂಟ್ರೋಲ್ ಟೆಂಪ್ಲೇಟ್) ಹೊಸದಾಗಿ ಬರೆಯಬೇಕು.

ಇನ್ನೊಂದು, ಒಂದೇ ಪ್ರಾಪರ್ಟಿಗೆ ಎರಡು ಟ್ರಿಗರ್ ಒಟ್ಟಿಗೆ ನಿಜವಾದರೆ ಕೊನೆಯಲ್ಲಿ ಬರೆದದ್ದೇ ಗೆಲ್ಲುತ್ತದೆ. ಹೀಗಾಗಿ ಮುಖ್ಯವಾದ ಎಚ್ಚರಿಕೆಯ ಟ್ರಿಗರನ್ನು ಕೆಳಗೆ ಇಡಿ.