ಬೆಂಜೀನ್ ಮತ್ತು ಸೈಕ್ಲೋಹೆಕ್ಸೇನ್ ಅನ್ನೋ ಎರಡು ದ್ರವ ಬೆರೆತರೆ ಬಟ್ಟಿ ಇಳಿಸಿ ಬೇರೆ ಮಾಡೋಕೆ ಯಾಕೆ ಕಷ್ಟ? ನ್ಯಾನೋ ಕಣ ಸೇರಿಸಿದ ಪೊರೆ ಅದನ್ನು ಹೇಗೆ ಮಾಡುತ್ತೆ?

ಬೆಂಜೀನ್ ಕುದಿಯುವುದು 80.1 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೈಕ್ಲೋಹೆಕ್ಸೇನ್ 80.7ರಲ್ಲಿ. ಬಟ್ಟಿ ಇಳಿಸುವುದು ನಿಂತಿರುವುದೇ ಕುದಿಯುವ ಬಿಂದುಗಳ ಅಂತರದ ಮೇಲೆ, ಇಲ್ಲಿ ಅದು ಇಷ್ಟು ಸಣ್ಣದು. ಸಾಲದ್ದಕ್ಕೆ ಒಂದು ಪ್ರಮಾಣದಲ್ಲಿ ಬೆರೆತಾಗ ಎರಡೂ ಒಟ್ಟಿಗೇ ಆವಿಯಾಗುತ್ತವೆ. ಆಮೇಲೆ ಎಷ್ಟು ಕುದಿಸಿದರೂ ಮೇಲೇಳುವ ಆವಿಯಲ್ಲಿ ಅದೇ ಪ್ರಮಾಣ.

ಪೊರೆಯ ವಿಧಾನಕ್ಕೆ ಕುದಿಯುವ ಬಿಂದು ಮುಖ್ಯವಲ್ಲ. ಪೊರೆ ಅಂದರೆ ಪಾಲಿಮರಿನ, ಅಂದರೆ ಉದ್ದ ಸರಪಳಿಯಂಥ ಅಣುಗಳ, ತೆಳುವಾದ ಹಾಳೆ. ಅದರ ಒಂದು ಬದಿಗೆ ದ್ರವ ತಾಗಿರುತ್ತದೆ, ಇನ್ನೊಂದು ಬದಿಯಲ್ಲಿ ನಿರ್ವಾತ. ಇದು ಕಾಫಿ ಸೋಸಿದಂತೆ ಅಲ್ಲ, ಹಾಳೆಯಲ್ಲಿ ಕಾಣುವ ತೂತುಗಳಿಲ್ಲ. ಅಣು ಮೊದಲು ಪಾಲಿಮರಿನೊಳಗೆ ಕರಗಬೇಕು, ನುಸುಳಬೇಕು, ಆಚೆ ಆವಿಯಾಗಿ ಹೊರಬರಬೇಕು. ಬೆಂಜೀನ್ ಚಪ್ಪಟೆ ಉಂಗುರ. ಅದರ ಪೈ ಎಲೆಕ್ಟ್ರಾನ್‌ಗಳು (ಉಂಗುರದ ಮೇಲೂ ಕೆಳಗೂ ಹರಡಿರುವ ಎಲೆಕ್ಟ್ರಾನ್‌ಗಳು) ಪಾಲಿವಿನೈಲ್ ಆಲ್ಕೋಹಾಲ್‌ನಂಥ ಧ್ರುವೀಯ, ಅಂದರೆ ವಿದ್ಯುದಾವೇಶ ಸಮನಾಗಿ ಹಂಚಿರದ, ಪಾಲಿಮರಿಗೆ ಹೆಚ್ಚು ಒಗ್ಗುತ್ತವೆ, ಹಾಗಾಗಿ ಬೆಂಜೀನೇ ಮುಂದೆ ದಾಟುತ್ತದೆ.

ತೊಂದರೆ ಇರುವುದು ಇಲ್ಲೇ. ಬೆಂಜೀನ್ ಹೀರಿದ ಪಾಲಿಮರ್ ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ. ಸರಪಳಿಗಳು ಸಡಿಲವಾಗಿ ಸೈಕ್ಲೋಹೆಕ್ಸೇನೂ ನುಗ್ಗುತ್ತದೆ. ಗ್ರಾಫೀನ್ (ಇಂಗಾಲದ ಅತಿ ತೆಳು ಪದರ) ಅಥವಾ ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಥರದ ನ್ಯಾನೋ ಕಣ ಸ್ವಲ್ಪ ಸೇರಿಸಿದರೆ ಸರಪಳಿಗಳಿಗೆ ಹಿಡಿತ ಸಿಗುತ್ತದೆ, ಇಂಗಾಲದ ಆ ಮೇಲ್ಮೈ ಬೆಂಜೀನನ್ನು ತಾನೂ ಸೆಳೆಯುತ್ತದೆ. ಆದರೆ ಕಣಗಳು ಹಿಟ್ಟಿನ ಗಂಟಿನಂತೆ ಗುಂಪುಗಟ್ಟಬಾರದು. ಗಂಟಿನ ಸುತ್ತ ಬಿರುಕುಳಿದರೆ ಎರಡೂ ದ್ರವ ಅಲ್ಲೇ ಸೋರುತ್ತವೆ. ನನ್ನ ಪ್ರಕಾರ ಯಾವ ಕಣ ಅನ್ನುವುದಕ್ಕಿಂತ ಅದು ಎಷ್ಟು ಸಮವಾಗಿ ಹರಡಿದೆ ಅನ್ನುವುದೇ ದೊಡ್ಡದು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇಂಥ ಪೊರೆಗಳ ಮೇಲೆ ಸಾಕಷ್ಟು ಸಂಶೋಧನೆ ಆಗಿದೆ. ಅಲ್ಲಿ ಕಡಲಪಾಚಿಯಿಂದ ಸಿಗುವ ಸೋಡಿಯಂ ಆಲ್ಜಿನೇಟ್ ಬಳಸಿ ಆಲ್ಕೋಹಾಲ್‌ನಿಂದ ನೀರನ್ನು ತೆಗೆಯುವ ಪೊರೆಗಳನ್ನು ಮಾಡಿದ್ದಾರೆ.