ಬಿ.ಎ. ಮನೋವಿಜ್ಞಾನ ಮುಗಿಸಿದರೆ ರೋಗಿಗಳಿಗೆ ಚಿಕಿತ್ಸೆ ಕೊಡಬಹುದೇ?

ಇಲ್ಲ. ಅದಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ, ಅನಂತರ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಚಿಕಿತ್ಸಾ ಮನೋವಿಜ್ಞಾನದ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಎಲ್ಲವೂ ಬೇಕು. ಔಷಧ ಬರೆಯುವವರು ಎಂ.ಬಿ.ಬಿ.ಎಸ್. ಓದಿ ಬಂದ ಮನೋವೈದ್ಯರು. ಅದು ಬೇರೆಯೇ ದಾರಿ.

ಹಾಗೆಂದು ಪದವಿಯನ್ನು ಹಗುರವಾಗಿ ಕಾಣಬೇಡಿ. ಅದರ ಜೀವಾಳ ಪ್ರಯೋಗಾಲಯದಲ್ಲಿದೆ. ಮ್ಯೂಲರ್-ಲೈಯರ್ ಎಂಬ ದೃಷ್ಟಿಭ್ರಮೆಯ ಪ್ರಯೋಗವನ್ನೇ ನೋಡಿ: ಒಂದು ಗೆರೆಯ ತುದಿಗಳಲ್ಲಿ ಬಾಣದ ಮೊನೆಗಳು ಒಳಮುಖವಾಗಿ, ಇನ್ನೊಂದರಲ್ಲಿ ಹೊರಮುಖವಾಗಿ ಇರುತ್ತವೆ. ಎರಡರ ಉದ್ದವನ್ನೂ ಸಮ ಮಾಡಿ ಎಂದರೆ ಸಹಪಾಠಿಯ ಕಣ್ಣು ಮತ್ತೆ ಮತ್ತೆ ತಪ್ಪುತ್ತದೆ. ಆ ತಪ್ಪನ್ನು ಮಿಲಿಮೀಟರ್‌ಗಳಲ್ಲಿ ಅಳೆದು, ಸರಾಸರಿ ತೆಗೆದು, ರೆಕಾರ್ಡ್ ಪುಸ್ತಕದಲ್ಲಿ ವಿವರಿಸಬೇಕು. ಕಲಾ ವಿಭಾಗದಿಂದ ಬರುವವರು ಬೇಸಿಗೆ ರಜೆಯಲ್ಲೇ ಸಂಖ್ಯಾಶಾಸ್ತ್ರದ ಮೊದಲ ಪಾಠಗಳನ್ನು ಓದಿಕೊಳ್ಳಿ.