ಮುಂದಕ್ಕೆ ಹಾಕಿದ್ದು ಹಿಂದಕ್ಕೆ ಬಂದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ ಮೂವತ್ತೈದರ ಆಸುಪಾಸು. ಯಂತ್ರಗಳ ದುರಸ್ತಿಗಾಗಿ ಊರೂರು ತಿರುಗುವ ಕೆಲಸ. ಅದರಲ್ಲಿ ಪಳಗಿದ ಕೈ. ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಮಾತು ಬೆಳೆದಂತೆ ಗಂಟು ಬೇರೆ ಕಡೆ ಇರುವುದು ಕಾಣಿಸಿತು. ಎರಡು ತಿಂಗಳಿಂದ ಅವರು ಕೆಲಸದ ಕರೆಗಳನ್ನು ಎತ್ತುತ್ತಲೇ ಇರಲಿಲ್ಲ, ಎಲ್ಲದಕ್ಕೂ ಸಂದೇಶದಲ್ಲೇ ಉತ್ತರ.

ಆಗಿದ್ದಿಷ್ಟು. ರೈಲು ನಾಲ್ಕು ಗಂಟೆ ತಡ. ಮಧ್ಯಾಹ್ನ ಎರಡರ ಸಭೆಯನ್ನು ಮುಂದಕ್ಕೆ ಹಾಕಿ ಎಂದು ಕೇಳಬೇಕಿತ್ತು. ಅದನ್ನು ಪದಕ್ಕೆ ಪದ ತಿರುಗಿಸಿ ‘ಬ್ರಿಂಗ್ ಫಾರ್ವರ್ಡ್’ ಎಂದುಬಿಟ್ಟರು. ಇಂಗ್ಲಿಷಿನಲ್ಲಿ ಅದರರ್ಥ ತದ್ವಿರುದ್ಧ, ನಿಗದಿಗಿಂತ ಬೇಗ ನಡೆಸಿ ಎಂದು. ರೈಲಿನ ಸುದ್ದಿ ಕ್ಷಮೆ ಕೇಳುವ ಗಡಿಬಿಡಿಯಲ್ಲೇ ಮುಳುಗಿಹೋಗಿತ್ತು. ಅತ್ತಲಿನವರು ಹನ್ನೆರಡಕ್ಕೇ ಸೇರಿ ಕಾದರು. ಇವರು ಆರಕ್ಕೆ ತಲುಪಿದಾಗ ಕೋಣೆಗೆ ಬೀಗ.

“ನನಗೆ ಇಂಗ್ಲಿಷ್ ಬರುವುದಿಲ್ಲ ಮೇಡಂ” ಎಂದರು. ನಾನು ಒಪ್ಪಲಿಲ್ಲ. ಯಂತ್ರದ ಕೈಪಿಡಿಗಳನ್ನು ದಿನವೂ ಇಂಗ್ಲಿಷಿನಲ್ಲೇ ಓದುವವರು ಅವರು. ಎಡವಿದ್ದು ದಿಕ್ಕಿನಲ್ಲಿ: ನಾವು ಮುಂದೂಡುವುದನ್ನು ಇಂಗ್ಲಿಷ್ ‘ಪುಶ್ ಬ್ಯಾಕ್’ ಎಂದು ಹಿಂದಕ್ಕೆ ತಳ್ಳುತ್ತದೆ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಿದರೆ ಅದು ಯಾವ ದಿನಕ್ಕೆ ಬೀಳುತ್ತದೆ? ಮನೋವಿಜ್ಞಾನಿಗಳಾದ ಲೆರಾ ಬೊರೊಡಿಟ್‌ಸ್ಕಿ ಮತ್ತು ಮೈಕೆಲ್ ರಾಮ್ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮಾತನಾಡುವವರೇ ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಇದನ್ನು ಹೇಳಿದಾಗ “ಅವರಿಗೂ ಹೀಗಾಗುತ್ತದೆಯೇ?” ಎಂದು ಎರಡು ಸಲ ಕೇಳಿದರು. ಆ ದಿನ ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತರು.

ಹಿಂದೆ, ಮುಂದೆ ಎಂಬ ಮಾತುಗಳನ್ನೇ ಬಿಟ್ಟುಬಿಡಿ, ವಾರ ಮತ್ತು ಗಂಟೆ ಹೇಳಿ ಎಂದೆ. ಮೊದಲು ತಡವಾದ ಸುದ್ದಿ, ಆಮೇಲೆ ತಲುಪುವ ಹೊತ್ತು, ಕೊನೆಗೆ ಕೋರಿಕೆ: ‘ಮೈ ಟ್ರೈನ್ ಈಸ್ ಫೋರ್ ಅವರ್ಸ್ ಲೇಟ್. ಐ ವಿಲ್ ರೀಚ್ ಯು ಅಟ್ ಸಿಕ್ಸ್. ಕ್ಯಾನ್ ವಿ ಮೀಟ್ ಆನ್ ಥರ್ಸ್‌ಡೇ ಅಟ್ ಟೆನ್?’ ಕ್ಷಮೆ ಒಂದೇ ಸಲ ಸಾಕು. ಒಪ್ಪಿಕೊಂಡ ಸಮಯವನ್ನು ಅತ್ತ ಕಡೆಯವರಿಂದಲೂ ಹೇಳಿಸಬೇಕು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು, ಏಕೆಂದರೆ ಗೊಂದಲ ಎರಡು ಕಡೆಯಿಂದಲೂ ಹುಟ್ಟಬಹುದು.

ಬಳಿಕ ಬೆನ್ನಿಗೆ ಬೆನ್ನು ಮಾಡಿ ಕುಳಿತು ಅಭ್ಯಾಸ ಮಾಡಿದೆವು. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ. ಮೊದಲ ಸಲ ‘ಸಾರಿ’ ಐದು ಬಾರಿ ಬಂತು, ರೈಲಿನ ಸುದ್ದಿ ಬರಲೇ ಇಲ್ಲ. ವಾಕ್ಯಗಳನ್ನು ಅಂಗೈ ಮೇಲೆ ಬರೆದುಕೊಂಡಿದ್ದರು, ಬೆವರಿಗೆ ಶಾಯಿ ಕದಡಿತ್ತು. ಚೀಟಿಯಲ್ಲಿ ಬರೆಯಿರಿ, ನೋಡಿಕೊಂಡೇ ಮಾತಾಡಿ, ಅದರಲ್ಲಿ ನಾಚಿಕೆಯೇನಿಲ್ಲ ಎಂದೆ. ದಿನಕ್ಕೊಂದು ಕರೆಯನ್ನಾದರೂ ಎತ್ತಬೇಕೆಂದೂ ಗೊತ್ತುಮಾಡಿಕೊಂಡೆವು.

ನಿದ್ದೆ ಇನ್ನೂ ಪೂರ್ತಿ ಮರಳಿಲ್ಲ. ನಾಲ್ಕನೆಯ ಭೇಟಿಯ ದಿನ ಅವರ ಬಸ್ ತಡವಾಯಿತು. ಅವರಾಗಿಯೇ ನನಗೆ ಕರೆ ಮಾಡಿ, ಐದರ ಬದಲು ಆರೂಕಾಲಿಗೆ ಬರಲೇ ಎಂದು ಇಂಗ್ಲಿಷಿನಲ್ಲೇ ಕೇಳಿದರು. ನಾನು ‘ಓಕೆ’ ಎಂದರೆ ಬಿಡಲಿಲ್ಲ, ಸಮಯವನ್ನು ನನ್ನ ಬಾಯಿಂದ ಹೇಳಿಸಿಯೇ ಫೋನ್ ಇಟ್ಟರು.